ಬಾಗಿಲ ಬಳಿ ಇಟ್ಟ ಡಬ್ಬಿ

ಯುಗಾದಿಗೆ ಮೊದಲೇ ತಮ್ಮ ಕೈ ಸೇರಬೇಕಿದ್ದ ಈ ಸಂಚಿಕೆ ಹದಿನೆಂಟು ದಿನ ತಡವಾಗಿದೆ. ಹಿಂದಿನ ಸಂಪಾದಕರಿಂದ ಬಳುವಳಿಯಾಗಿ ಬಂದಿರುವ ‘ಅನಿವಾರ್ಯ ಕಾರಣಗಳಿಂದ’ ಎಂಬ ಪದವನ್ನು ಇಲ್ಲಿಯೂ ಬಳಸಿ ಮುಂದೆ ಹೋಗಬಹುದಿತ್ತು. ಆದರೆ ಆ ಅನಿವಾರ್ಯ ಕಾರಣಗಳು ನಮ್ಮ ಇಬ್ಬರು ಮಕ್ಕಳೇ ಆಗಿದ್ದು, ಒಬ್ಬರಿಗೆ ನಾಲ್ಕು ವರ್ಷ, ಇನ್ನೊಬ್ಬರಿಗೆ ಹದಿನಾಲ್ಕು ತಿಂಗಳು ವಯಸ್ಸಾಗಿದ್ದು, ಅಕ್ಟೋಬರ್ ಎರಡನೆಯ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ನಮ್ಮ ಮನೆಯಲ್ಲಿ ಯಾರೂ ಕೆಮ್ಮದೆ ಕಳೆದ ದಿನಗಳನ್ನು ಎರಡು ಕೈಗಳ ಬೆರಳುಗಳಲ್ಲೇ ಎಣಿಸಿ ಮುಗಿಸಬಹುದಾದ್ದರಿಂದ, ಈ ಬಾರಿ ಕಾರಣವನ್ನು ಬಿಡಿಸಿಯೇ ಹೇಳುವುದು ವಾಸಿ ಎನಿಸಿತು.

ಇದು ನಮ್ಮೊಂದೇ ಮನೆಯ ಕಥೆಯಲ್ಲ ಎಂಬುದು ಸಂಕ್ರಾಂತಿಯ ದಿನ ತಿಳಿಯಿತು. ಕೆನಡಾದ ಮಿಸಿಸಾಗಾದ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದ ಹಬ್ಬಕ್ಕೆ ಹಾಕಿದ್ದ ಕುರ್ಚಿಗಳಲ್ಲಿ ಅರ್ಧ ಖಾಲಿಯಾಗಿದ್ದವು. ಕೋಲಾಟಕ್ಕೆಂದು ಎರಡು ತಿಂಗಳು ಅಭ್ಯಾಸ ಮಾಡಿದ್ದ ಒಂಬತ್ತು ಮಕ್ಕಳಲ್ಲಿ ವೇದಿಕೆ ಹತ್ತಿದವರು ನಾಲ್ವರು. ಕೋಲು ಕುಟ್ಟಲು ಜೊತೆ ಸಾಲದೆ ಅವರು ಪರಸ್ಪರ ಮುಖ ನೋಡಿಕೊಂಡು ನಿಂತದ್ದನ್ನು ಕಂಡವರಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಪುಟ್ಟ ಮಕ್ಕಳಿಗೆ ಎರೆಯಲೆಂದು ಎಲಚಿ ಹಣ್ಣು ಸಿಗದೆ ಮಂಡಕ್ಕಿ, ಕಬ್ಬಿನ ತುಂಡು, ಚಾಕೊಲೇಟುಗಳನ್ನು ಬೆರೆಸಿ ಇಟ್ಟಿದ್ದ ತಟ್ಟೆ ಹಾಗೆಯೇ ಮನೆಗೆ ಮರಳಿತು. ಅಂದು ಸಂಜೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶಗಳಲ್ಲಿ ಹೆಚ್ಚಿನವು ‘ಕ್ಷಮಿಸಿ’ ಎಂದೇ ಆರಂಭವಾಗಿದ್ದವು. ಜ್ವರ ಬಂದ ಮಗುವಿನ ತಾಯಿ ಹಬ್ಬಕ್ಕೆ ಬಾರದಿದ್ದಕ್ಕೆ ಕ್ಷಮೆ ಕೇಳುವುದು ಏಕೆ ಎಂಬ ಪ್ರಶ್ನೆಯೇ ಈ ಬರಹದ ಮೂಲ.

ಮೊದಲಿಗೆ ಒಂದು ಲೆಕ್ಕ. ಎರಡು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಎಂಟು ಹತ್ತು ಸಲ ನೆಗಡಿಯಾಗುವುದು ಸಹಜವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಡೇಕೇರ್‌ಗೆ ಹೋಗುವ ಮಗುವಿಗೆ ಇನ್ನೂ ಒಂದೆರಡು ಹೆಚ್ಚು. ಒಂದೊಂದು ನೆಗಡಿಯೂ ವಾರದಿಂದ ಹತ್ತು ದಿನ ಇರುತ್ತದೆ, ಅವುಗಳಲ್ಲಿ ಬಹುಪಾಲು ಚಳಿಗಾಲದಲ್ಲೇ ಬರುತ್ತವೆ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಸಂಪೂರ್ಣ ಆರೋಗ್ಯವಂತ ಮಗುವೊಂದು ಇಲ್ಲಿನ ಚಳಿಗಾಲದ ಅರ್ಧ ಭಾಗವನ್ನು ಮೂಗು ಸುರಿಸಿಕೊಂಡೇ ಕಳೆಯುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬರದು ಮುಗಿಯುವ ಹೊತ್ತಿಗೆ ಇನ್ನೊಬ್ಬರದು ಶುರುವಾದರೆ ಉಳಿದ ಅರ್ಧವೂ ಭರ್ತಿಯಾಗುತ್ತದೆ. ಇದರಲ್ಲಿ ತಾಯಿಯ ಅಲಕ್ಷ್ಯವಾಗಲಿ, ಮಗುವಿನ ದೌರ್ಬಲ್ಯವಾಗಲಿ, ಯಾರದೋ ಕಣ್ಣಾಗಲಿ ಇಲ್ಲ. ಹೊಸ ದೇಹವೊಂದು ಈ ಲೋಕದ ವೈರಸ್‌ಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುತ್ತಿದೆ, ಅಷ್ಟೇ.

ಆದರೆ ರಾತ್ರಿ ಎರಡು ಗಂಟೆಗೆ ಲೆಕ್ಕ ಯಾರಿಗೂ ಸಮಾಧಾನ ಕೊಡುವುದಿಲ್ಲ. ನವೆಂಬರಿನ ಒಂದು ರಾತ್ರಿ ಕಿರಿಯ ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿರುವುದನ್ನು ಮೊಬೈಲಿನ ಬೆಳಕಿನಲ್ಲಿ ಕಂಡೆ. ಹಿರಿಯವಳನ್ನು ನೋಡಿಕೊಳ್ಳಲು ಪತಿ ಮನೆಯಲ್ಲೇ ಉಳಿಯಬೇಕಾಯಿತು. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿ, ಕನ್ನಡಿಯಲ್ಲಿ ಅದರ ಎದೆಯನ್ನೇ ನೋಡುತ್ತ, ಒಬ್ಬಳೇ ಕಾರು ಓಡಿಸಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆ. ಅಲ್ಲಿ ಮಗುವಿನ ಕಾಲಿನ ಹೆಬ್ಬೆರಳಿಗೆ ಒಂದು ಪಟ್ಟಿ ಸುತ್ತಿದರು; ಅದರೊಳಗಿನ ಕೆಂಪು ದೀಪ ಬೆರಳನ್ನು ದಾಸವಾಳದ ಮೊಗ್ಗಿನಂತೆ ಬೆಳಗಿಸಿತ್ತು. ಪರದೆಯ ಮೇಲೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಅಂಕಿ: 91, 92, ಮತ್ತೆ 91. ಏಳು ಗಂಟೆಗಳ ಕಾಲ ನಾನು ಆ ಎರಡು ಅಂಕಿಗಳಲ್ಲದೆ ಬೇರೇನನ್ನೂ ಓದಲಿಲ್ಲ. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ಎಂದರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದುಹೋಗುವ ಈ ಸೋಂಕು ಕೆಲವರಲ್ಲಿ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿದು ಉಸಿರಾಟವನ್ನು ಕಷ್ಟವಾಗಿಸುತ್ತದೆ. ಮೂಗಿನ ಕಫವನ್ನು ಯಂತ್ರದಿಂದ ಎಳೆದು ತೆಗೆದರು, ಸ್ವಲ್ಪ ಹೊತ್ತು ಆಮ್ಲಜನಕ ಕೊಟ್ಟರು, ಅಂಕಿ 95ಕ್ಕೆ ಏರಿ ನಿಂತ ಮೇಲೆ ಬೆಳಗಿನ ಜಾವ ಮನೆಗೆ ಕಳಿಸಿದರು. ಔಷಧಿ ಏನೂ ಬರೆದುಕೊಡಲಿಲ್ಲ, ಏಕೆಂದರೆ ವೈರಸ್‌ಗೆ ಆ್ಯಂಟಿಬಯೋಟಿಕ್ ಏನನ್ನೂ ಮಾಡುವುದಿಲ್ಲ. ಶಿವಮೊಗ್ಗದಿಂದ ವಿಡಿಯೋ ಕರೆಯಲ್ಲಿದ್ದ ನಮ್ಮ ಅತ್ತೆಯವರಿಗೆ ಇದನ್ನು ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. “ಇಡೀ ರಾತ್ರಿ ಕೂರಿಸಿಕೊಂಡು ಮೂಗು ಒರೆಸಿ ಕಳಿಸಿದರಾ?” ಎಂದರು.

ಆ ವಿಡಿಯೋ ಕರೆಗಳ ಬಗ್ಗೆ ಎರಡು ಮಾತು. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ಹತ್ತೂವರೆ ಗಂಟೆಗಳ ಅಂತರ. ನಮ್ಮ ರಾತ್ರಿ ಮೂರು ಗಂಟೆ ಅವರಿಗೆ ಮಧ್ಯಾಹ್ನ ಒಂದೂವರೆ, ಊಟ ಮುಗಿಸಿ ಅಡಿಕೆಲೆ ಹಾಕಿಕೊಳ್ಳುವ ಹೊತ್ತು. ಹಾಗಾಗಿ ಮಗುವಿನ ಜ್ವರ ಏರುವ ಹೊತ್ತಿಗೆ ಸರಿಯಾಗಿ ಎಚ್ಚರವಿರುವ ಹಿರಿಯರು ನಮಗೆ ಇದ್ದಾರೆ, ಕೈಗೆ ಸಿಗುವುದಿಲ್ಲ ಅಷ್ಟೇ. “ಎಷ್ಟಿದೆ ಜ್ವರ?” ಎಂದು ಅತ್ತೆಯವರು ಕೇಳಿದರು. ಇಲ್ಲಿನ ಥರ್ಮಾಮೀಟರ್ ಸೆಲ್ಸಿಯಸ್ ತೋರಿಸುವುದರಿಂದ “ಮೂವತ್ತೊಂಬತ್ತು ಪಾಯಿಂಟ್ ನಾಲ್ಕು” ಎಂದೆ. “ಅಷ್ಟೇನಾ? ಹಾಗಿದ್ದರೆ ಏನೂ ಇಲ್ಲ ಬಿಡಮ್ಮಾ” ಎಂದು ನಿರಾಳವಾದರು. ಅದು ನಮ್ಮೂರಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರಾಮೂರಕ್ಕೆ ಹತ್ತಿರ ಎಂದು ಹೇಳಿದ ಮೇಲೆ ಅವರ ಮುಖ ಬದಲಾದ ರೀತಿಯನ್ನು ನೆನೆದರೆ, ಹೇಳದೇ ಇದ್ದಿದ್ದರೆ ಚೆನ್ನಿತ್ತು ಎಂದು ಈಗಲೂ ಅನಿಸುತ್ತದೆ.

ಅಳತೆಯ ಈ ಗೊಂದಲ ಥರ್ಮಾಮೀಟರಿನಲ್ಲಿ ನಗೆಯ ವಿಷಯ, ಔಷಧಿಯಲ್ಲಿ ಅಲ್ಲ. 2022ರ ಶರತ್ಕಾಲದಲ್ಲಿ ಕೆನಡಾದ ಔಷಧಿ ಅಂಗಡಿಗಳಲ್ಲಿ ಮಕ್ಕಳ ಜ್ವರದ ಸಿರಪ್ ಸಿಗದೆ ಹೋದದ್ದು ಅನೇಕರಿಗೆ ನೆನಪಿರಬಹುದು. ಆ ನವೆಂಬರಿನಲ್ಲಿ ಕಾಯಿಲೆ ಬಿದ್ದ ಮಕ್ಕಳಿಂದ ತುಂಬಿಹೋಗಿ ಟೊರಾಂಟೊದ ಸಿಕ್‌ಕಿಡ್ಸ್ ಆಸ್ಪತ್ರೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿತು, ಒಟ್ಟಾವಾದ ಮಕ್ಕಳ ಆಸ್ಪತ್ರೆ ಎರಡನೆಯ ತೀವ್ರ ನಿಗಾ ಘಟಕ ತೆರೆಯಿತು, ಸರ್ಕಾರ ಹೊರದೇಶಗಳಿಂದ ಸಿರಪ್ ತರಿಸಿತು. ಅಂದಿನಿಂದ ಊರಿಗೆ ಹೋದವರೆಲ್ಲ ಮರಳುವಾಗ ಸೂಟ್‌ಕೇಸಿನಲ್ಲಿ ಪ್ಯಾರಾಸಿಟಮಾಲ್ ಸಿರಪ್ ತುಂಬಿಕೊಂಡು ಬರುವುದು ರೂಢಿಯಾಗಿದೆ. ಅಲ್ಲಿನ ಪ್ಯಾರಾಸಿಟಮಾಲ್ ಮತ್ತು ಇಲ್ಲಿನ ಅಸೆಟಮಿನೋಫೆನ್ ಎರಡೂ ಒಂದೇ ಔಷಧಿ. ಒಂದರ ಮೇಲೊಂದು ಕೊಟ್ಟರೆ ಎರಡು ಪಾಲು ಕೊಟ್ಟಂತೆ. ಅದಕ್ಕಿಂತ ಮುಖ್ಯವಾಗಿ, ಊರಿನ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರಿಗೆ 120, 125 ಅಥವಾ 250 ಮಿಲಿಗ್ರಾಂ ಇದ್ದರೆ, ಇಲ್ಲಿ ದೊಡ್ಡ ಮಕ್ಕಳ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 160 ಇರುತ್ತದೆ, ಹಸುಗೂಸುಗಳಿಗೆಂದು ಮಾರುವ ಹನಿಗಳಲ್ಲಿ ಒಂದೇ ಮಿಲಿಲೀಟರಿಗೆ 80 ಇರುತ್ತದೆ. ಚಿಕ್ಕ ಮಗುವಿನ ಬಾಟಲಿಯಲ್ಲೇ ಔಷಧಿ ಹೆಚ್ಚು ಗಟ್ಟಿ ಎಂಬುದು ನಿದ್ದೆಗೆಟ್ಟ ಕಣ್ಣಿಗೆ ಹೊಳೆಯುವ ಸಂಗತಿಯಲ್ಲ. ಚಮಚದ ಲೆಕ್ಕ ಬಿಟ್ಟು, ಮಗುವಿನ ತೂಕವನ್ನೂ ಬಾಟಲಿಯ ಮೇಲಿನ ಅಂಕಿಯನ್ನೂ ಔಷಧಿ ಅಂಗಡಿಯ ಫಾರ್ಮಾಸಿಸ್ಟರಿಗೆ ತೋರಿಸಿ ಕೇಳಿಕೊಳ್ಳುವುದು ಕ್ಷೇಮ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದರೆ ಸಿರಪ್ಪಿನ ಮಾತೇ ಬೇಡ, ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ಯಾರನ್ನು ಕೇಳಬೇಕೆಂದು ತೋಚದಿದ್ದಾಗ ಒಂಟಾರಿಯೊದಲ್ಲಿ 811ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲಾದರೂ ನರ್ಸ್ ಒಬ್ಬರು ಮಾತಿಗೆ ಸಿಗುತ್ತಾರೆ. ಗರ್ಭಿಣಿಯರೂ ಹೊಸದಾಗಿ ತಾಯಂದಿರಾದವರೂ ಆರ್‌ಎಸ್‌ವಿ ತಡೆಯುವ ಚುಚ್ಚುಮದ್ದಿನ ಬಗ್ಗೆ ತಮ್ಮ ವೈದ್ಯರಲ್ಲಿ ವಿಚಾರಿಸಲಿ. 2024ರ ಶರತ್ಕಾಲದಿಂದ ಈ ಪ್ರಾಂತ್ಯದಲ್ಲಿ ಅದು ಹಸುಗೂಸುಗಳಿಗೆ ಉಚಿತವಾಗಿ ದೊರೆಯುತ್ತಿದೆ.

ಡಿಸೆಂಬರ್ ಮಧ್ಯದಲ್ಲಿ ಅತ್ತೆಯವರು ಬಂದಿಳಿದರು. ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುವ ಊರನ್ನು ಅವರು ಎರಡು ದಿನ ಅಪನಂಬಿಕೆಯಿಂದ ನೋಡಿದರು. ಮೂರನೆಯ ದಿನ ಕಿಟಕಿಯ ಕುಂಡದಲ್ಲಿ ನಾಲ್ಕೇ ಎಲೆ ಉಳಿಸಿಕೊಂಡಿದ್ದ ದೊಡ್ಡಪತ್ರೆ ಗಿಡದ ಆರೈಕೆಗೆ ನಿಂತರು. ಅವರಿಗೂ ನನಗೂ ನಡೆದ ಸಣ್ಣಪುಟ್ಟ ವಾದಗಳು ಈ ಸಂಘದ ಹಲವು ಮನೆಗಳಲ್ಲಿ ನಡೆದಿರುತ್ತವೆ ಎಂದುಕೊಂಡಿದ್ದೇನೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಅದರಿಂದ ಬಾಟ್ಯುಲಿಸಂ ಎಂಬ ಅಪಾಯವಿದೆ ಎಂಬುದನ್ನು ಅವರು ಒಪ್ಪಿಕೊಂಡರು. ಕುದಿಯುವ ನೀರಿನ ಪಾತ್ರೆಯಿಟ್ಟು ಮಗುವಿಗೆ ಹಬೆ ಕೊಡುವುದು ಬೇಡ, ಸುಟ್ಟಗಾಯಗಳಾಗುವುದು ಹಾಗೆಯೇ ಎಂಬುದನ್ನು ಅರ್ಧ ಒಪ್ಪಿದರು. ಕರ್ಪೂರ ಬೆರೆತ ಮುಲಾಮನ್ನು ಎರಡು ವರ್ಷದೊಳಗೆ ಹಚ್ಚಬಾರದು ಎಂದಾಗ ಮಾತ್ರ “ನಿನ್ನ ಗಂಡನಿಗೆ ಡಬ್ಬಿಗಟ್ಟಲೆ ಹಚ್ಚಿ ಬೆಳೆಸಿದ್ದೇನೆ” ಎಂದು ಎದ್ದು ಹೋದರು. ಜನವರಿಯಲ್ಲಿ ಅವರಿಗೇ ಫ್ಲೂ ಬಂತು. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಂದರ್ಶಕರಿಗೆ ಅನ್ವಯಿಸುವುದಿಲ್ಲ. ವಿಮಾನದ ಟಿಕೆಟ್ಟಿನ ಜೊತೆಗೇ ಕೊಂಡ ಖಾಸಗಿ ವಿಮೆಯ ಸಣ್ಣ ಅಕ್ಷರಗಳನ್ನು ಅಂದು ರಾತ್ರಿ ಮೊದಲ ಬಾರಿಗೆ ಓದಿದೆವು. ನೆರವಾಗಲೆಂದು ಕರೆಸಿಕೊಂಡ ಅರವತ್ತೆಂಟರ ಜೀವ ಮೊಮ್ಮಕ್ಕಳ ಸೋಂಕಿಗೇ ಮಲಗಿದಾಗ ಆಗುವ ಅಪರಾಧಿ ಭಾವಕ್ಕೆ ಯಾವ ಸಿರಪ್ಪೂ ಇಲ್ಲ.

ರಜೆಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನಿಜಕ್ಕೂ ಬೇಗ ಮುಗಿಯುತ್ತದೆ. ಒಂಟಾರಿಯೊದ ಕಾನೂನು ಕೊಡುವುದು ತನ್ನ ಕಾಯಿಲೆಗೆ ವರ್ಷಕ್ಕೆ ಮೂರು ದಿನ, ಕುಟುಂಬದ ಹೊಣೆಗೆ ಇನ್ನು ಮೂರು ದಿನ, ಎರಡೂ ಸಂಬಳವಿಲ್ಲದೆ. ಕೆಲವು ಕಂಪನಿಗಳು ಇದಕ್ಕಿಂತ ಉದಾರವಾಗಿವೆ. ಗೋದಾಮಿನಲ್ಲೋ ಅಂಗಡಿಯಲ್ಲೋ ಗಂಟೆಯ ಲೆಕ್ಕದಲ್ಲಿ ದುಡಿಯುವ ನಮ್ಮ ಸದಸ್ಯರಿಗೆ ಆ ಉದಾರತೆ ದೊರೆಯುವುದು ಅಪರೂಪ, ಮತ್ತು ನಮ್ಮ ಸಂಘದಲ್ಲಿ ಇರುವವರೆಲ್ಲ ಸಾಫ್ಟ್‌ವೇರಿನವರು ಎಂಬ ನಂಬಿಕೆಯನ್ನು ನಾವು ಬಿಡಬೇಕು.

ಇನ್ನು ಡಬ್ಬಿಯ ವಿಷಯ. ಅತ್ತೆಯವರು ಬರುವ ಹಿಂದಿನ ವಾರ ನಮ್ಮ ಮನೆಗೆ ನೊರೊವೈರಸ್ ಬಂತು. ಇಪ್ಪತ್ನಾಲ್ಕು ಗಂಟೆಗಳಲ್ಲಿ ನಾಲ್ವರಲ್ಲಿ ಮೂವರಿಗೆ ವಾಂತಿ. ಹೊದಿಕೆ ಒಗೆದು ಮುಗಿಯುವಷ್ಟರಲ್ಲಿ ಇನ್ನೊಂದು ಹೊದಿಕೆ. ಈ ವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು ಎಂದು ಓದಿ ತಿಳಿದಿದ್ದರಿಂದ ಕೈಗಳು ತೊಳೆತೊಳೆದು ಬಿರಿದಿದ್ದವು. ಎರಡನೆಯ ದಿನ ಸಂಜೆ ಕರೆಗಂಟೆ ಒಮ್ಮೆ ಬಡಿಯಿತು. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆಯುವ ಹೊತ್ತಿಗೆ ಯಾರೂ ಇರಲಿಲ್ಲ. ಹೊಸದಾಗಿ ಬಿದ್ದ ಹಿಮದ ಮೇಲೆ ಬಂದುಹೋದ ಬೂಟುಗಳ ಗುರುತು, ಮೆಟ್ಟಿಲ ಮೇಲೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಸ್ಟೀಲ್ ಡಬ್ಬಿ. ಒಳಗೆ ಮೆತ್ತಗೆ ಬೆಂದ ಅನ್ನ, ಅದರ ಮೇಲೆ ಚಿಕ್ಕ ಬಟ್ಟಲಿನಲ್ಲಿ ಜೀರಿಗೆ ಮೆಣಸಿನ ಸಾರು. ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿದ್ದರೂ ಸಾರು ಬೆಚ್ಚಗಿತ್ತು. ಎರಡು ದಿನಗಳ ನಂತರ ಹೊಟ್ಟೆಯಲ್ಲಿ ನಿಂತ ಮೊದಲ ತುತ್ತು ಅದು. ಯಾರು ತಂದರೆಂದು ಇಂದಿಗೂ ತಿಳಿದಿಲ್ಲ. ಗುಂಪಿನಲ್ಲಿ ಕೇಳಿದರೂ ಯಾರೂ ಒಪ್ಪಿಕೊಳ್ಳಲಿಲ್ಲ.

ನಾನು ಡಬ್ಬಿಯನ್ನು ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅತ್ತೆಯವರು ಬಂದ ದಿನವೇ ಅದನ್ನು ಎತ್ತಿ ನೋಡಿ, “ಬೇರೆಯವರ ಮನೆ ಪಾತ್ರೆ ಖಾಲಿ ಇಡುತ್ತಾರೇನಮ್ಮಾ” ಎಂದು ನಾಲ್ಕು ಚಮಚ ಸಕ್ಕರೆ ಹಾಕಿ ಮುಚ್ಚಿದರು. ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬ ಈ ಪದ್ಧತಿ ನಮಗೆಲ್ಲರಿಗೂ ಗೊತ್ತಿರುವುದೇ, ಬಹಳ ಸೊಗಸಾದದ್ದೇ. ಆದರೆ ಕಾಯಿಲೆಯ ಮನೆಯಲ್ಲಿ ಅದು ಸಾಲವಾಗಿ ಬದಲಾಗುತ್ತದೆ. “ಏನಾದರೂ ಮಾಡಿ ತರಲೇ?” ಎಂದು ಕೇಳಿದರೆ “ಅಯ್ಯೋ ಬೇಡ, ಬೇಡ” ಎಂದುಬಿಡುವ ನಮ್ಮ ಹೆಣ್ಣುಮಕ್ಕಳ ತಲೆಯಲ್ಲಿ ಆ ಕ್ಷಣ ನಡೆಯುವ ಲೆಕ್ಕ ಇದೇ: ಡಬ್ಬಿ ಬಂದರೆ ಅದರೊಳಗೆ ಏನಾದರೂ ತುಂಬಿಸಿ ಕೊಡಬೇಕು, ತಂದವರನ್ನು ಒಳಗೆ ಕರೆದು ಕೂರಿಸಬೇಕು, ಕೂರಿಸಲು ಸೋಫಾದ ಮೇಲಿನ ಬಟ್ಟೆಯ ರಾಶಿ ತೆಗೆಯಬೇಕು, ಕಾಫಿ ಕೊಡಬೇಕು. ಜೊತೆಗೆ “ಇಷ್ಟು ಚಿಕ್ಕದನ್ನು ಡೇಕೇರ್‌ಗೆ ಯಾಕೆ ಹಾಕಿದಿರಿ?” ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡುವುದಕ್ಕಿಂತ ಬಾಗಿಲು ಹಾಕಿಕೊಂಡು ಬ್ರೆಡ್ ತಿಂದು ಮಲಗುವುದು ಹಗುರ. ಹೀಗೆ ಒಂದೇ ರಸ್ತೆಯಲ್ಲಿರುವ ಎರಡು ಕನ್ನಡದ ಮನೆಗಳಲ್ಲಿ ಒಂದೇ ವಾರ ಮಕ್ಕಳು ಮಲಗಿದ್ದರೂ ಒಬ್ಬರ ಸುದ್ದಿ ಒಬ್ಬರಿಗೆ ತಲುಪುವುದು ಹಬ್ಬದ ದಿನದ ‘ಕ್ಷಮಿಸಿ’ಯಲ್ಲಿ.

ನಮ್ಮ ಸಂಘದಲ್ಲಿ ವೇದಿಕೆಗೆ ಒಂದು ತಂಡವಿದೆ, ಊಟಕ್ಕೆ ಒಂದು, ಧ್ವನಿವರ್ಧಕಕ್ಕೆ ಒಂದು. ಮಂಗಳವಾರ ರಾತ್ರಿಯ ಜ್ವರಕ್ಕೆ ಯಾರೂ ಇಲ್ಲ. ಈ ಕುರಿತು ಕಳೆದ ಕಾರ್ಯಕಾರಿ ಸಭೆಯಲ್ಲಿ ಮಾತನಾಡಿದಾಗ, ಮಿಸಿಸಾಗಾ, ಬ್ರಾಂಪ್ಟನ್, ಓಕ್‌ವಿಲ್, ಮಿಲ್ಟನ್‌ಗಳಲ್ಲಿ ಒಟ್ಟು ಹನ್ನೊಂದು ಮನೆಯವರು ತಮ್ಮ ಹೆಸರು ಕೊಟ್ಟರು. ಅವರು ಮಾಡುವುದು ಬಹಳ ಚಿಕ್ಕ ಕೆಲಸಗಳು: ಊಟದ ಡಬ್ಬಿ ಇಟ್ಟು ಹೋಗುವುದು, ಔಷಧಿ ಅಂಗಡಿಗೆ ಹೋಗಿಬರುವುದು, ಒಂದು ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದ ರಾತ್ರಿ ಇನ್ನೊಂದು ಮಗುವಿನ ಬಳಿ ಬಂದು ಮಲಗುವುದು. ಈ ಕೊನೆಯದನ್ನು ನಾನೇ ಒತ್ತಾಯಿಸಿ ಸೇರಿಸಿದೆ. ಪತಿ ಬೇರೆ ಪ್ರಾಂತ್ಯದಲ್ಲಿ ಕೆಲಸದಲ್ಲಿದ್ದು ಮಕ್ಕಳೊಂದಿಗೆ ಒಬ್ಬರೇ ಇರುವ ತಾಯಂದಿರು ನಮ್ಮಲ್ಲಿ ಇದ್ದಾರೆ. ನವೆಂಬರಿನ ಆ ರಾತ್ರಿ ಹಿರಿಯವಳನ್ನು ನೋಡಿಕೊಳ್ಳಲು ನನಗೆ ಒಬ್ಬರಾದರೂ ಇದ್ದರು, ಅವರಿಗೆ ಅದೂ ಇಲ್ಲ.

ಇದಕ್ಕೆ ಮೂರು ನಿಯಮಗಳಿರಲಿ ಎಂದು ನಾನು ಕೇಳಿಕೊಂಡೆ, ಸಮಿತಿ ಒಪ್ಪಿತು. “ಏನಾದರೂ ಬೇಕಿದ್ದರೆ ಹೇಳಿ” ಎನ್ನಬಾರದು. “ನಾಳೆ ಆರು ಗಂಟೆಗೆ ಸಾರು ತಂದಿಡುತ್ತೇನೆ” ಎನ್ನಬೇಕು. ತಂದವರು ಒಳಗೆ ಬರಬಾರದು. ಡಬ್ಬಿಯನ್ನು ಖಾಲಿಯಾಗಿಯೇ ಹಿಂದಿರುಗಿಸಬೇಕು. ಮೂರನೆಯದಕ್ಕೆ ಸಭೆಯಲ್ಲಿ ಸಾಕಷ್ಟು ವಿರೋಧ ಬಂತು, ಅದರಲ್ಲಿ ಹೆಚ್ಚಿನದು ನನ್ನ ಮನೆಯಿಂದಲೇ ಬಂದದ್ದು.

ಕೊನೆಯದಾಗಿ ಒಂದು ಪ್ರಕಟಣೆ. ಮೇಲೆ ಹೇಳಿದ ಡಬ್ಬಿ ಇನ್ನೂ ನಮ್ಮ ಮನೆಯಲ್ಲಿದೆ. ಊರಿನ ಪಾತ್ರೆ ಅಂಗಡಿಗಳಲ್ಲಿ ಕೊರೆದುಕೊಡುವಂತೆ ಅದರ ತಳದಲ್ಲಿ ಚುಕ್ಕಿಚುಕ್ಕಿಯಾಗಿ ‘ಜಿ.ಎಸ್. 1988’ ಎಂದು ಇದೆ. ಆ ಅಕ್ಷರಗಳು ನಮ್ಮ ಸದಸ್ಯರ ಪಟ್ಟಿಯಲ್ಲಿ ಯಾರ ಹೆಸರಿಗೂ ಹೊಂದುವುದಿಲ್ಲ; ಬಹುಶಃ ಯಾರದೋ ತಾಯಿಯವರ ಮದುವೆಗೆ ಬಂದ ಡಬ್ಬಿಯಿರಬೇಕು. ವಾರಸುದಾರರು ಯಾವ ಸಂಜೆಯಾದರೂ ಬಂದು ತೆಗೆದುಕೊಂಡು ಹೋಗಬಹುದು. ನಿಯಮದಂತೆ ಅದನ್ನು ಖಾಲಿಯಾಗಿ ಕೊಡಬೇಕೆಂಬುದು ನನ್ನ ಇಚ್ಛೆ. ಆದರೆ ಸಕ್ಕರೆ ಅತ್ತೆಯವರದು, ಅವರು ಜೂನ್‌ವರೆಗೆ ಇಲ್ಲೇ ಇರುತ್ತಾರೆ.