ಕಾಳು ಕಚ್ಚಿ ನೋಡುವವನ ಪತ್ರ

ಪ್ರೀತಿಯ ಗೆಳೆಯಾ,

ರಾಯಚೂರಿನಿಂದ ನೀನು ಬರೆದ ಪತ್ರ ಓದಿದೆ. ಇಂಗ್ಲಿಷ್ ಮಾತು ಬರುವುದಿಲ್ಲ, ಅದಕ್ಕೇ ಹಿಂದುಳಿದೆ ಎಂದು ನಾಲ್ಕು ಪುಟ ತುಂಬಿಸಿದ್ದೀಯ. ಏನು ಬರುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಗಂಗಾವತಿಯ ಅಕ್ಕಿ ಗಿರಣಿಗೆ ಗುಮಾಸ್ತನಾಗಿ ಸೇರಿದಾಗ ಮಾಲೀಕರು ನನ್ನನ್ನು ಬಾಕಿ ವಸೂಲಿಗೆ ಹಚ್ಚಿದ್ದರು. ವ್ಯಾಪಾರಿ ಚಹಾ ಕುಡಿಸಿ 'ಮುಂದಿನ ವಾರ' ಎಂದರೆ ತಲೆಯಾಡಿಸಿ ಬಸ್ ಹತ್ತುತ್ತಿದ್ದೆ. ಗದರುವುದನ್ನು ಕಲಿಯಲು ಎರಡು ವರ್ಷ ಹೆಣಗಿದೆ. ಕನ್ನಡಿಯ ಮುಂದೆ ನಿಂತು ಗದರಿದ್ದೂ ಉಂಟು, ನಗಬೇಡ.

ಆದರೆ ಸುಗ್ಗಿಯಲ್ಲಿ ಭತ್ತದ ಲಾರಿ ಬಂದಾಗಲೆಲ್ಲ ಹಮಾಲರು ನನ್ನನ್ನೇ ಕೂಗುತ್ತಿದ್ದರು. ಸೋನಾ ಮಸೂರಿಯ ನಾಲ್ಕು ಕಾಳು ಕಚ್ಚಿದರೆ ಸಾಕು: ಕಟಕ್ ಎಂದರೆ ಒಣಗಿದ್ದು, ಹಲ್ಲಿಗೆ ಮೆತ್ತಗೆ ಸಿಕ್ಕರೆ ಹಸಿ. ಸರ್ಕಾರಿ ಖರೀದಿಯಲ್ಲಿ ತೇವಾಂಶ ಶೇ 17 ದಾಟುವಂತಿಲ್ಲ. ಗಿರಣಿಗೆ ಹಾಕುವ ಹೊತ್ತಿಗೆ ಶೇ 14ರ ಆಸುಪಾಸಿಗೆ ಇಳಿದಿರಬೇಕು. ಹಸಿಯಿದ್ದರೂ ನುಚ್ಚು, ಅತಿಯಾಗಿ ಒಣಗಿದರೂ ನುಚ್ಚು. ಮೀಟರ್ ಇತ್ತು, ನಿಜ. ಆದರೆ ಅದು ತನ್ನೊಳಗೆ ಹಾಕಿದ ಹಿಡಿ ಕಾಳಿನ ಲೆಕ್ಕ ಹೇಳುತ್ತದೆ. ಯಾವ ಚೀಲ ಬಿಚ್ಚಬೇಕೆಂದು ಹೇಳುವುದಿಲ್ಲ.

ಇದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ. ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಯಲ್ಲಿ ಬೆಳೆದವನು. ಎಲ್ಲರ ಹಲ್ಲೂ ಹೀಗೇ ಎಂದುಕೊಂಡಿದ್ದೆ. ಬೆವರು ಹರಿಯದ್ದು ದುಡಿಮೆಯೇ ಅಲ್ಲ ಎಂದು ಅಪ್ಪ ನಂಬಿದ್ದರು, ಅದೇ ನನ್ನ ತಲೆಯಲ್ಲೂ ಕುಳಿತಿತ್ತು.

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಒಂದು ಉಪಾಯ ಹೇಳಿದ್ದರು. ಮುಖ್ಯ ತೀರ್ಮಾನ ಮಾಡುವಾಗ ಏನಾಗಬಹುದೆಂದು ಬರೆದಿಡು, 9 ಅಥವಾ 12 ತಿಂಗಳ ನಂತರ ಆದದ್ದರೊಡನೆ ಹೋಲಿಸು. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನಾನೂ ಬರೆದೆ. ವರ್ಷ ಕಳೆದು ನೋಡಿದರೆ ವಸೂಲಿಯ ಅಂದಾಜೆಲ್ಲ ತಲೆಕೆಳಗು, ಭತ್ತದ್ದು ಬಹುಪಾಲು ಸರಿ. ಆ ಹಾಳೆಯನ್ನೇ ಮಾಲೀಕರ ಮುಂದಿಟ್ಟೆ. ಈಗ ಖರೀದಿ ನನ್ನ ಪಾಲಿಗೆ ಬಂದಿದೆ. ವಸೂಲಿ ಪೂರ್ತಿ ತಪ್ಪಿಲ್ಲ. ದೀಪಾವಳಿಗೆ ಮುಂಚೆ ಹೋಗುತ್ತೇನೆ, ಚಹಾ ಕುಡಿದು ಬರುತ್ತೇನೆ.

ಇನ್ನು ನಿನ್ನ ವಿಷಯ. ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನಿನ್ನ ಕೋಣೆಯ ಮುಂದೆ ಬೀಳುತ್ತಿದ್ದ ಚಪ್ಪಲಿಗಳ ರಾಶಿ ನೆನಪಿದೆಯೇ? ವರ್ಷವಿಡೀ ತರಗತಿಯಲ್ಲಿ ಕುಳಿತರೂ ನನಗೆ ಹತ್ತದ ಲೆಕ್ಕಪತ್ರವನ್ನು ನೀನು ಒಂದು ಗಂಟೆಯಲ್ಲಿ ಬಿಡಿಸಿಟ್ಟಿದ್ದೆ. ಅದನ್ನು ನೀನು ಹರಟೆ ಎನ್ನುತ್ತಿದ್ದೆ.

ಇಂಗ್ಲಿಷ್ ಕಲಿ, ಬೇಡವೆನ್ನುವುದಿಲ್ಲ. ಆದರೆ ಮುಂದಿನ ಪತ್ರದಲ್ಲಿ ಆ ತರಗತಿಯ ಶುಲ್ಕದ ಲೆಕ್ಕ ಬರೆಯಬೇಡ. ಈ ತಿಂಗಳು ಕಚೇರಿಯಲ್ಲಿ ಯಾರು ಯಾರು, ಏನು ಕೇಳಿಕೊಂಡು ನಿನ್ನ ಮೇಜಿನ ಬಳಿ ಬಂದರು? ಅದನ್ನು ಬರೆ.

ನಿನ್ನ ಗೆಳೆಯ