ಅಡಿಕೆ ಅಂಗಳದಲ್ಲಿ ಲಗೋರಿ

ಸಂಪಾದಕರಿಗೆ,

ಮಾನ್ಯರೇ,

ಸಕ್ಕರೆ ಕಾಯಿಲೆ ಬಂದ ಹೆಂಗಸರಿಗೆ ವೈದ್ಯರು ಹೇಳುವ ಮೊದಲ ಮಾತು ವಾಕಿಂಗ್. ಪತ್ರಿಕೆಗಳ ಆರೋಗ್ಯ ಪುಟಗಳೂ ಅದನ್ನೇ ಬರೆಯುತ್ತವೆ; ಪಕ್ಕದಲ್ಲಿ ಉದ್ಯಾನದಲ್ಲಿ ಬಿಳಿ ಬೂಟು ತೊಟ್ಟು ನಡೆಯುವವರ ಚಿತ್ರ. ಸಾಗರ ತಾಲ್ಲೂಕಿನ ನಮ್ಮಂಥ ಒಂಟಿ ಮನೆಗಳ ಊರಿನಲ್ಲಿ ಉದ್ಯಾನ ಎಲ್ಲಿಂದ ಬರಬೇಕು? ಡಾಂಬರು ರಸ್ತೆಗೆ ಇಳಿದರೆ ತಿರುವಿನಲ್ಲಿ ಲಾರಿ, ತೋಟದ ದಾರಿ ಹಿಡಿದರೆ ಯಾರದೋ ಮನೆಯ ನಾಯಿ. ಮೇಲಾಗಿ, ಎದುರಾದವರೆಲ್ಲ ‘ಎಲ್ಲಿಗೆ ಹೊರಟಿರಿ?’ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ಅರವತ್ತು ದಾಟಿದ ನನಗೆ ಈಗಲೂ ಸಂಕೋಚ.

ಆದರೆ ನಮಗೆ ಅಂಗಳವಿದೆ. ಸುಗ್ಗಿ ಮುಗಿದು ಅಡಿಕೆ ಒಣಗಿಸುವ ಅಟ್ಟವನ್ನು ಬಿಚ್ಚಿದ ಮೇಲೆ ಮಳೆಗಾಲ ಹಿಡಿಯುವವರೆಗೆ ಅದು ಖಾಲಿ ಬಿದ್ದಿರುತ್ತದೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ನಾವು ಅಲ್ಲಿ ಲಗೋರಿ ಆಡುತ್ತೇವೆ. ನಾನು, ಸೊಸೆ, ನಾದಿನಿ, ಪಕ್ಕದ ಮನೆಯ ಅತ್ತಿಗೆ ಎಲ್ಲರೂ ಆಟಕ್ಕೆ ಇಳಿಯುತ್ತೇವೆ. ಚಪ್ಪಟೆಯಾದ ಏಳು ಕಲ್ಲು, ಒಂದು ಚೆಂಡು, ಖರ್ಚು ಅಷ್ಟೇ. ಕಲ್ಲು ಉರುಳಿಸಿ ಓಡಬೇಕು, ಬಗ್ಗಿ ಮತ್ತೆ ಜೋಡಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಬರುವ ಚೆಂಡಿನಿಂದ ತಪ್ಪಿಸಿಕೊಳ್ಳಬೇಕು. ನಮ್ಮ ಮನೆಯ ಕಟ್ಟಳೆ ಎರಡೇ: ರಬ್ಬರ್ ಚೆಂಡಿನ ಬದಲು ಬಟ್ಟೆ ಸುತ್ತಿದ ಚೆಂಡು, ಅದೂ ಮೊಣಕಾಲಿನ ಕೆಳಗೆ ಮಾತ್ರ ತಾಗಬೇಕು. ಎರಡನೆಯದನ್ನು ಅತ್ತಿಗೆ ಪಾಲಿಸುವುದಿಲ್ಲ.

‘ಮನೆಗೆಲಸವೇ ನಿಮಗೆ ವ್ಯಾಯಾಮವಲ್ಲವೇ?’ ಎಂದು ಕೇಳುವ ಗಂಡಸರು ಪ್ರತಿ ಮನೆಯಲ್ಲೂ ಇದ್ದಾರೆ. ಮನೆಗೆಲಸವೂ ದೈಹಿಕ ಚಟುವಟಿಕೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಜ. ಆದರೆ ಕಸ ಗುಡಿಸುವಾಗ ಯಾರು ಓಡುತ್ತಾರೆ? ಪಾತ್ರೆ ತೊಳೆಯುವಾಗ ಯಾರಿಗೆ ಏದುಸಿರು ಬರುತ್ತದೆ? ಬೀಸುವ ಕಲ್ಲಿನ ಜಾಗಕ್ಕೆ ಮಿಕ್ಸಿ ಬಂದು ಎಷ್ಟೋ ಕಾಲವಾಯಿತು. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2022ರ ಸ್ಥಿತಿಯನ್ನು ಲೆಕ್ಕಹಾಕಿದ ಅಧ್ಯಯನವೊಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಇಂಥವರು ಶೇ 42, ಹೆಂಗಸರಲ್ಲಿ ಶೇ 57. ದಿನವಿಡೀ ದುಡಿದೂ ಹಿಂದೆ ಬಿದ್ದವರು ನಾವೇ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ದಣಿಸಬೇಕು, 65 ದಾಟಿದವರು ವಾರಕ್ಕೆ ಮೂರು ದಿನ ದೇಹದ ಸಮತೋಲನ ಕಾಯುವ ಚಟುವಟಿಕೆಗಳನ್ನೂ ಮಾಡಬೇಕು ಎಂಬುದು ಅದೇ ಸಂಸ್ಥೆಯ 2020ರ ಸಲಹೆ. ಸಮತೋಲನ ಎಂದ ಕೂಡಲೇ ನನಗೆ ನೆನಪಾದದ್ದು ಕುಂಟೆಬಿಲ್ಲೆ. ಒಂಟಿಕಾಲಿನಲ್ಲಿ ಮನೆಯಿಂದ ಮನೆಗೆ ನೆಗೆದು, ಹೆಂಚಿನ ಚೂರನ್ನು ಕಾಲಿನಿಂದಲೇ ತಳ್ಳಿ, ಗೆರೆ ಮೆಟ್ಟದೆ ನಿಲ್ಲಬೇಕು. ನಾನು ಈಗ ನೆಗೆಯುವುದಿಲ್ಲ. ಗೋಡೆಯ ಪಕ್ಕದಲ್ಲೇ ಮನೆ ಬರೆದುಕೊಂಡು, ಕೈ ಆಸರೆ ಇಟ್ಟು, ಮನೆಗೊಮ್ಮೆ ಒಂಟಿಕಾಲಿನಲ್ಲಿ ನಿಂತು ಮುಂದೆ ಹೋಗುತ್ತೇನೆ. ಮೊಮ್ಮಗಳು ಅದನ್ನು ಆಟವೆಂದು ಒಪ್ಪುವುದಿಲ್ಲ. ಒಪ್ಪದಿದ್ದರೂ ಅಂಕ ಬರೆದುಕೊಳ್ಳುತ್ತಾಳೆ. ಮಂಡಿ ನೋವಿದ್ದವರು ವೈದ್ಯರನ್ನು ಕೇಳಿಯೇ ಇಳಿಯುವುದು ಒಳ್ಳೆಯದು.

ಎಲ್ಲ ಆಟವೂ ಅಂಗಳಕ್ಕೆ ಒಗ್ಗುವುದಿಲ್ಲ. ಚಿನ್ನಿದಾಂಡು ನಮ್ಮಲ್ಲಿ ನಿಷಿದ್ಧ, ಚಿನ್ನಿ ಕಣ್ಣಿಗೆ ಹಾರುತ್ತದೆ. ಷಟಲ್ ಗಾಳಿಯ ಪಾಲು. ಗಾಳಿಯಿರುವ ಕಡೆ ಬಾಲ್ ಬ್ಯಾಡ್ಮಿಂಟನ್ ಚೆನ್ನ. ಅದರ ಹಳದಿ ಉಣ್ಣೆಯ ಚೆಂಡು 27ರಿಂದ 30 ಗ್ರಾಂ ತೂಗುತ್ತದೆ, ಷಟಲ್‌ನಂತೆ ಎಲ್ಲೆಂದರಲ್ಲಿ ತೇಲಿ ಹೋಗುವುದಿಲ್ಲ. ನಿಯಮದ ಪ್ರಕಾರ 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣ ಬೇಕು, ಒಂದೊಂದು ಕಡೆ ಐವರು ಇರಬೇಕು. ನಮಗೆ ಎರಡು ಕಂಬಗಳ ನಡುವೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗವೇ ನೆಟ್.

ಪೇಟೆಯಲ್ಲಿರುವ ನನ್ನ ತಂಗಿಗೆ ಈ ಭಾಗ್ಯವಿಲ್ಲ. ಅವಳ ಮನೆಯ ಹಿತ್ತಲು ಕಾರು ನಿಲ್ಲಿಸಲು ಹೋಯಿತು. ಬಡಾವಣೆಯ ಉದ್ಯಾನದ ಬಾಗಿಲಿನಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ ತೂಗುತ್ತಿದೆ. ಹೂಗಿಡ ಹಾಳಾಗುತ್ತದೆ, ಹಿರಿಯರಿಗೆ ಚೆಂಡು ಬಡಿಯುತ್ತದೆ ಎಂಬ ಕಾರಣಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಂದು ಮೂಲೆಯನ್ನಾದರೂ ಸಂಜೆ ಒಂದು ಗಂಟೆ ಆಟಕ್ಕೆ ಬಿಡಬಹುದಲ್ಲ? ಶಾಲೆಗಳ ಮೈದಾನಗಳನ್ನು ತರಗತಿ ಮುಗಿದ ಮೇಲೆ ಸುತ್ತಲಿನ ಕುಟುಂಬಗಳಿಗೆ ತೆರೆಯಬಹುದಲ್ಲ? ನಗರಸಭೆಗಳೂ ಶಿಕ್ಷಣ ಇಲಾಖೆಯೂ ಈ ಬಗ್ಗೆ ಯೋಚಿಸಲಿ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ರಜೆಯ ದಿನಗಳ ಮಕ್ಕಳ ಪುಟದಲ್ಲಿ ಪದಬಂಧದ ಪಕ್ಕದಲ್ಲಿ ವಾರಕ್ಕೊಂದು ಅಂಗಳದಾಟವನ್ನು ಚಿತ್ರ ಮತ್ತು ನಿಯಮಗಳ ಸಹಿತ ಪ್ರಕಟಿಸಿ. ಅಜ್ಜಿಯರು ಆಡುವುದಾದರೆ ಯಾವ ನಿಯಮ ಸಡಿಲಿಸಬೇಕು ಎಂಬುದನ್ನೂ ಬರೆಯಿರಿ. ಆಟದ ನಡುವೆ ‘ಚಹಾ ಯಾವಾಗ?’ ಎಂದು ಕೇಳುವ ಗಂಡಸರಿಗೆ ಏನು ದಂಡ ಎಂಬುದನ್ನು ಓದುಗರೇ ಬರೆದು ತಿಳಿಸಲಿ.

– ಒಬ್ಬ ಗೃಹಿಣಿ, ಸಾಗರ ತಾಲ್ಲೂಕು