ಒಳಮೂಲೆಯೇ ಇಲ್ಲದ ತ್ರೀಡಿ ಮಾಡೆಲ್: ವರದಿ ತಿದ್ದಿಕೊಡಲು ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು, ಭೂತಾಂತ್ರಿಕ ಸಲಹಾ ವಿಭಾಗ

ವಿಷಯ: ದಾವಣಗೆರೆಯ ಬೇಸ್‌ಮೆಂಟ್ ಅಗೆತಕ್ಕೆ ತಾವು ನೀಡಿದ ತ್ರೀಡಿ (ಮೂರು ಆಯಾಮದ) ಕಂಪ್ಯೂಟರ್ ಮಾಡೆಲ್ ವರದಿ

ಮಾನ್ಯರೇ,

ಈ ಕಟ್ಟಡದ ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ಬರೆಯುತ್ತಿದ್ದೇನೆ. ನಿವೇಶನ 'ಎಲ್' ಆಕಾರದ್ದು. ಒಳಮೂಲೆಯಲ್ಲಿ ಪಕ್ಕದವರ ಹಳೆಯ ಮನೆಯಿದೆ, ಅದರ ಎರಡೂ ಬದಿಗೆ ನಾವು ಆಳವಾಗಿ ಅಗೆಯಬೇಕು. ಟೂಡಿ ಸೆಕ್ಷನ್ (ನೆಲದ ಒಂದು ಸೀಳುನೋಟ) ತೆಗೆದು ಲೆಕ್ಕ ಹಾಕಿದರೆ ಆ ಮೂಲೆಯ ಸ್ಥಿತಿ ತಿಳಿಯುವುದಿಲ್ಲ ಎಂದು ಹೇಳಿ ತಾವು ತ್ರೀಡಿಗೆ ಹೆಚ್ಚಿನ ಶುಲ್ಕ ಪಡೆದಿರಿ. ಮಾತು ಸರಿಯೇ, ಒಪ್ಪಿದೆವು. ಆದರೆ ವರದಿಯ ಮಾಡೆಲ್‌ನಲ್ಲಿ ಗುಂಡಿ ಆಯತಾಕಾರದಲ್ಲಿದೆ. ಯಾವ ಮೂಲೆಗಾಗಿ ಹಣ ಕೊಟ್ಟೆವೋ ಅದೇ ಅದರಲ್ಲಿಲ್ಲ.

ಮಣ್ಣಿನ ವಿಚಾರ ಇನ್ನೂ ಗಂಭೀರ. ನಮ್ಮದು ಎರೆ ನೆಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದರೂ ಮಣ್ಣಿನ ಪರೀಕ್ಷೆಯ ಭಾರತೀಯ ಮಾನಕವಾದ ಐಎಸ್ 2720ರ 40ನೇ ಭಾಗದ ಉಬ್ಬುವಿಕೆ ಸೂಚ್ಯಂಕವಾಗಲಿ, 41ನೇ ಭಾಗದ ಉಬ್ಬು ಒತ್ತಡವಾಗಲಿ ವರದಿಯಲ್ಲಿಲ್ಲ. ಬೋರ್ ಹಾಕಿದ್ದು ಒಂದೇ ಕಡೆ, ಅದೂ ರಸ್ತೆ ಬದಿಗೆ. ಅಲ್ಲಿ ಸಿಕ್ಕ ಎರೆಯ ದಪ್ಪವನ್ನೇ ಇಡೀ ನಿವೇಶನಕ್ಕೆ ಅನ್ವಯಿಸಿದ್ದೀರಿ. ಹಳೆಯ ಮನೆಯ ಕಡೆ ನಾವು ಗುಂಡಿ ತೆಗೆಸಿ ನೋಡಿದಾಗ ಗರಸು ಸಾಕಷ್ಟು ಕೆಳಗೆ ಸಿಕ್ಕಿತು, ಅಂದರೆ ಅಲ್ಲಿ ಎರೆ ಇನ್ನೂ ದಪ್ಪವಾಗಿದೆ. ಅಂತರ್ಜಲವನ್ನೂ ಬೇಸಿಗೆಯಲ್ಲಷ್ಟೇ ಅಳೆದಿದ್ದೀರಿ. ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಬಡಾವಣೆಯ ಬಾವಿಗಳಲ್ಲಿ ನೀರು ಮೇಲೇರುತ್ತದೆ ಎಂದು ಅಕ್ಕಪಕ್ಕದವರನ್ನು ಕೇಳಿದ್ದರೂ ಹೇಳುತ್ತಿದ್ದರು.

ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ನೆಲ ಎಷ್ಟು ಸರಿಯುತ್ತದೆಂದು ತೋರಿಸುವ ಬಣ್ಣದ ಚಿತ್ರದ ಫಲಿತಾಂಶ. ಅಗೆದಾಗ ಕೆಳಗಿನ ಮಣ್ಣಿನ ಮೇಲಿನ ಭಾರ ಇಳಿಯುತ್ತದೆ. ಭಾರ ಇಳಿಯುವಾಗ ಮಣ್ಣಿನ ಗಡಸುತನ ಭಾರ ಏರುವಾಗಿನದಕ್ಕಿಂತ ಎಷ್ಟೋ ಹೆಚ್ಚು. ತಾವು ಮೋರ್-ಕೂಲಂಬ್ ಎಂಬ ಸರಳ ಮಣ್ಣಿನ ಮಾಡೆಲ್ ಬಳಸಿ ಎರಡಕ್ಕೂ ಒಂದೇ ಗಡಸುತನ ಕೊಟ್ಟಿದ್ದರಿಂದ ಗುಂಡಿಯ ತಳ ಅತಿಯಾಗಿ ಉಬ್ಬಿ, ಪಕ್ಕದ ಮನೆಯೂ ಮೇಲಕ್ಕೆ ಸರಿದಂತೆ ತೋರುತ್ತಿದೆ. ನಿಜವಾಗಿ ನಾವು ಹೆದರಬೇಕಾದದ್ದು ಆ ಮನೆ ಕುಸಿದೀತೆಂದು. ಅಲ್ಲಿ ವಯಸ್ಸಾದ ದಂಪತಿ ವಾಸವಾಗಿದ್ದಾರೆ. ಈ ವರದಿಯನ್ನು ನಂಬಿ ಅವರ ಗೋಡೆಯ ಪಕ್ಕ ಜೆಸಿಬಿ ಇಳಿಸಲು ನಾನು ಒಪ್ಪಲಾರೆ, ಕೆಲಸ ನಿಲ್ಲಿಸಿದ್ದೇನೆ.

ದಯವಿಟ್ಟು ಮನೆಯ ಕಡೆಗೂ ಹಿತ್ತಲ ಕಡೆಗೂ ಬೋರ್ ಹಾಕಿಸಿ, ಕದಡದ ಮಾದರಿ ತೆಗೆದು ಟ್ರೈಆಕ್ಸಿಯಲ್ ಪರೀಕ್ಷೆ (ಸುತ್ತಲಿಂದ ಒತ್ತಿ ಮಣ್ಣಿನ ಬಲ, ಗಡಸುತನ ಅಳೆಯುವುದು) ಮಾಡಿಸಿ. ನಿವೇಶನದ ನಿಜವಾದ ಆಕಾರ, ಹಂತಹಂತದ ಅಗೆತ, ನಾಲೆ ನೀರಿನ ಕಾಲದ ಅಂತರ್ಜಲ ಇವಿಷ್ಟನ್ನೂ ಸೇರಿಸಿ, ಭಾರ ಏರುವಾಗ, ಇಳಿಯುವಾಗ ಬೇರೆ ಬೇರೆ ಗಡಸುತನ ಪರಿಗಣಿಸುವ ಹಾರ್ಡನಿಂಗ್ ಸಾಯಿಲ್ ಮಾಡೆಲ್‌ನಲ್ಲಿ ಲೆಕ್ಕವನ್ನು ಹೊಸದಾಗಿ ಮಾಡಿ. ಪ್ರತಿ ಅಂಕಿ ಯಾವ ಪರೀಕ್ಷೆಯಿಂದ ಬಂತೆಂದು ಪಟ್ಟಿಯಲ್ಲಿ ನಮೂದಿಸಿ. ಮೂಲೆಯಿಂದ ದೂರದ ಒಂದು ಸೆಕ್ಷನ್‌ಗೆ ಟೂಡಿ ಲೆಕ್ಕವನ್ನೂ ಲಗತ್ತಿಸಿದರೆ ಎರಡನ್ನೂ ಹೋಲಿಸಿ ನೋಡುತ್ತೇನೆ.

ಇದಕ್ಕೆ ಹೆಚ್ಚುವರಿ ಶುಲ್ಕ ಕೊಡುವುದಿಲ್ಲ. 15 ದಿನದೊಳಗೆ ಒಪ್ಪಿಗೆಯ ಉತ್ತರ ಬಾರದಿದ್ದರೆ ಪಡೆದ ಶುಲ್ಕವನ್ನು ನಿವೇಶನದ ಮಾಲೀಕರಿಗೆ ಹಿಂದಿರುಗಿಸಬೇಕು.

ಇಂತಿ,
ಸ್ಟ್ರಕ್ಚರಲ್ ಎಂಜಿನಿಯರ್, ದಾವಣಗೆರೆ